ರುಜು ಹಾಕದವನು, ಬಣ್ಣ ಎಣಿಸಿದವರು

ಪ್ಯಾರಿಸ್ ನಗರದ ದಕ್ಷಿಣಕ್ಕೆ ದಾಂಫೇರ್-ರೋಶ್ರೋ ಎಂಬ ಚೌಕವಿದೆ. ನಡುವೆ ದೊಡ್ಡದೊಂದು ಸಿಂಹದ ಪ್ರತಿಮೆ, ಅದರ ಹತ್ತಿರ ಎದುರುಬದುರಾಗಿ ಎರಡು ಹಳೆಯ ಕಲ್ಲಿನ ಕಟ್ಟಡ. 1780ರ ದಶಕದಲ್ಲಿ, ಫ್ರಾನ್ಸಿನ ಕ್ರಾಂತಿಗೆ ತುಸು ಮೊದಲು, ಲದೂ ಎಂಬ ವಾಸ್ತುಶಿಲ್ಪಿ ಇವನ್ನು ಕಟ್ಟಿದ. ಊರೊಳಕ್ಕೆ ಬರುವ ಹೆಂಡ, ಸೌದೆ, ಮಾಂಸ ಎಲ್ಲದಕ್ಕೂ ಇಲ್ಲಿ ತೆರಿಗೆ ಕಟ್ಟಬೇಕಿತ್ತು. ನಮ್ಮ ಮಾತಲ್ಲಿ ಹೇಳುವುದಾದರೆ ಸುಂಕದಕಟ್ಟೆ. ಯಾವುದು ಒಳಗೆ ಬರಬಹುದು, ಎಷ್ಟು ತೆತ್ತು ಬರಬಹುದು ಎಂದು ತೀರ್ಮಾನವಾಗುತ್ತಿದ್ದ ಜಾಗ ಅದು.

2019ರ ಆಗಸ್ಟ್ 25ರಂದು, ನಾಜಿಗಳಿಂದ ಪ್ಯಾರಿಸ್ ಬಿಡುಗಡೆಯಾಗಿ ಸರಿಯಾಗಿ 75 ವರ್ಷ ತುಂಬಿದ ದಿನ, ಈ ಕಟ್ಟಡದಲ್ಲಿ ಒಂದು ಮ್ಯೂಸಿಯಮ್ ತೆರೆದರು. 1994ರಿಂದ ಅದು ಮೊಂಪಾರ್ನಾಸ್ ರೈಲು ನಿಲ್ದಾಣದ ಮೇಲಿತ್ತು. ಅಲ್ಲಿ ಅದನ್ನು ಹುಡುಕಿಕೊಂಡು ಹೋಗುವವರೇ ಕಡಿಮೆ ಇದ್ದರಂತೆ. ಹೆಸರು ಉದ್ದ: ಪ್ಯಾರಿಸ್ ವಿಮೋಚನೆಯ ಮ್ಯೂಸಿಯಮ್, ಜನರಲ್ ಲಕ್ಲೆರ್ ಮ್ಯೂಸಿಯಮ್, ಝಾನ್ ಮೂಲಾನ್ ಮ್ಯೂಸಿಯಮ್. ಮೂರೂ ಸೇರಿ ಒಂದು. ಲಕ್ಲೆರ್ ಹೊರಗಿನಿಂದ ಟ್ಯಾಂಕುಗಳೊಂದಿಗೆ ಬಂದ ಸೇನಾಪತಿ. ಮೂಲಾನ್ ಒಳಗಿದ್ದು ಗುಪ್ತವಾಗಿ ಪ್ರತಿರೋಧ ಸಂಘಟಿಸಿ, ಚಿತ್ರಹಿಂಸೆಯಲ್ಲಿ ಸತ್ತ ಅಧಿಕಾರಿ. ಈ ಇಬ್ಬರ ಬದುಕನ್ನು ಎರಡು ಎಳೆಯಾಗಿ ಹಿಡಿದು ಮ್ಯೂಸಿಯಮ್ ಯುದ್ಧದ ಕತೆ ಹೇಳುತ್ತದೆ.

ವಿಚಾರ ಸಂಕಿರಣವೊಂದರ ನೆಪದಲ್ಲಿ ಪ್ಯಾರಿಸ್ಸಿಗೆ ಹೋಗಿದ್ದ ನಾನು ಕೊನೆಯ ದಿನ ಅಲ್ಲಿಗೆ ಹೋದೆ. ಜೊತೆಗಿದ್ದ ಗೆಳೆಯರು ಐಫೆಲ್ ಗೋಪುರಕ್ಕೆ ಹೋದರು. ನೆಲಮಾಳಿಗೆ ನೋಡಬೇಕೆಂಬುದು ನನ್ನ ಆಸೆ. ನೂರರಷ್ಟು ಮೆಟ್ಟಿಲು ಇಳಿದರೆ, 20 ಮೀಟರ್ ಆಳದಲ್ಲಿ, ಬಾಂಬು ದಾಳಿ ತಡೆಯಲೆಂದು ಯುದ್ಧಕ್ಕೆ ಮೊದಲೇ ಕಟ್ಟಿದ್ದ ಆಶ್ರಯತಾಣ. 1944ರ ಆಗಸ್ಟಿನಲ್ಲಿ ಜನ ದಂಗೆ ಎದ್ದಾಗ ಕರ್ನಲ್ ರೋಲ್-ತಾಂಗಿ ಇಲ್ಲಿ ಕೂತು ದಂಗೆ ನಡೆಸಿದ. ಕರ್ನಲ್ ಅಂದರೆ ಸೈನಿಕ ಶಾಲೆಯಲ್ಲಿ ಕಲಿತವನಲ್ಲ. ಕಾರ್ಖಾನೆಯಲ್ಲಿ ಲೋಹದ ಕೆಲಸ ಮಾಡುತ್ತಿದ್ದ ಕಮ್ಯುನಿಸ್ಟ್, ಹೆಸರು ಆನ್ರಿ ತಾಂಗಿ. ಸ್ಪೇನಿನ ಅಂತರ್ಯುದ್ಧದಲ್ಲಿ ಪಕ್ಕದಲ್ಲೇ ಹೋರಾಡಿ ಸತ್ತ ರೋಲ್ ಎಂಬ ಸಂಗಾತಿಯ ಹೆಸರನ್ನು ತನ್ನ ಹೆಸರಿಗೆ ಕಟ್ಟಿಕೊಂಡಿದ್ದ. ಹೆಂಡತಿ ಸೆಸೀಲ್ ಆದೇಶಗಳನ್ನು ಟೈಪ್ ಮಾಡುತ್ತಿದ್ದಳು. ಮಗುವಿನ ತಳ್ಳುಗಾಡಿಯಲ್ಲಿ ಮಗುವಿನ ಕೆಳಗೆ ಬಂದೂಕು ಮುಚ್ಚಿಟ್ಟು ಬೀದಿ ದಾಟಿದವಳು. ಆ ತಣ್ಣನೆಯ ಗವಿಯಲ್ಲಿ ನಿಂತಾಗ ನನಗೆ ನಿಜಕ್ಕೂ ಮೈ ಜುಮ್ಮೆಂದಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದನ್ನು ಓದಿ, ಇವ್ನಿಗೆ ಎಲ್ಲದರಲ್ಲೂ ಹುಳುಕು ಹುಡುಕೋದೇ ಕೆಲಸ ಅಂತ ಯಾರೂ ಅನ್ನಬಾರದು.

ಮೂಲಾನನ ಕತೆಗೆ ಬರೋಣ. ಅವನ ಒಂದು ಫೋಟೋ ಫ್ರಾನ್ಸಿನಲ್ಲಿ ಎಲ್ಲರಿಗೂ ಗೊತ್ತು. ಹ್ಯಾಟು, ಕುತ್ತಿಗೆಗೆ ಸುತ್ತಿದ ಮಫ್ಲರು, ಗೋಡೆಗೆ ಒರಗಿದ ನಗುಮುಖ. ಕೊರಳ ಮೇಲಿನ ಗಾಯದ ಕಲೆ ಮುಚ್ಚಲು ಮಫ್ಲರು ಸುತ್ತಿದ್ದಾನೆ ಎಂದು ಜನ ನಂಬುತ್ತಾರೆ. ಆದರೆ ಆ ಫೋಟೋ ಗಾಯ ಆಗುವುದಕ್ಕಿಂತ ಮೊದಲಿನದು. ಗಾಯ ಮಾತ್ರ ನಿಜ. ಅದು ಹೇಗಾಯಿತು ಎಂಬುದೇ ಈ ಲೇಖನಕ್ಕೆ ಕಾರಣ.

1940ರ ಜೂನ್ 17. ಫ್ರಾನ್ಸ್ ಸೋತಿದೆ. ಶಾರ್ತ್ರ್ ಎಂಬ ಊರಿನಲ್ಲಿ ಮೂಲಾನ್ ಪ್ರಿಫೆಕ್ಟ್, ನಮ್ಮ ಜಿಲ್ಲಾಧಿಕಾರಿ ಇದ್ದ ಹಾಗೆ. ಊರಿನ ಬಹುಪಾಲು ಜನ ಓಡಿಹೋಗಿದ್ದರೂ ಇವನು ಕಚೇರಿ ಬಿಟ್ಟಿರಲಿಲ್ಲ. ಜರ್ಮನ್ ಅಧಿಕಾರಿಗಳು ಬಂದು ಒಂದು ಕಾಗದ ಮುಂದಿಟ್ಟು ರುಜು ಹಾಕು ಎಂದರು. ಫ್ರೆಂಚ್ ಸೈನ್ಯದ ಆಫ್ರಿಕನ್ ಸೈನಿಕರು ಹೆಂಗಸರು ಮಕ್ಕಳ ಮೇಲೆ ಅತ್ಯಾಚಾರ ಮಾಡಿ ಕೊಂದಿದ್ದಾರೆ ಎಂದು ಅದರಲ್ಲಿ ಬರೆದಿತ್ತು. ಹೆಣಗಳನ್ನೂ ತೋರಿಸಿದರು. ಅವರೆಲ್ಲ ಬಾಂಬಿಗೆ ಸತ್ತವರು. ಮೂಲಾನ್ ಒಲ್ಲೆ ಎಂದ. ಗಂಟೆಗಟ್ಟಲೆ ಹೊಡೆದರು. ಆಗಲೂ ಒಲ್ಲೆ ಎಂದ. ರಾತ್ರಿ ಒಂದು ಕೋಣೆಯಲ್ಲಿ ಕೂಡಿಹಾಕಿದರು. ಅಲ್ಲಿ ಮೊದಲೇ ಒಬ್ಬ ಸೆರೆಯಾಳಿದ್ದ, ಸೆನೆಗಲ್ ತಿರಾಯರ್. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ವಸಾಹತುಗಳಿಂದ ಹಿಡಿದು ತಂದ, ಸೇರಿಸಿಕೊಂಡ ಕಾಲಾಳುಗಳಿಗೆಲ್ಲ ಫ್ರೆಂಚರು ಇಟ್ಟಿದ್ದ ಹೆಸರದು, ಸೆನೆಗಲ್ಲಿನವರಾಗಿರಲಿ ಇಲ್ಲದಿರಲಿ. ಕರಿಯರ ಪರ ಇಷ್ಟು ವಾದಿಸುತ್ತೀಯಲ್ಲ, ಅವರ ಜೊತೆಗೇ ಮಲಗು ಎಂಬುದು ಜರ್ಮನ್ನರ ಹಂಗಿಸುವಿಕೆ. ಬೆಳಗಾದರೆ ಮತ್ತೆ ಹೊಡೆಯುತ್ತಾರೆ, ತಾಳಲಾರದೆ ರುಜು ಹಾಕಿಬಿಡಬಹುದು ಎಂಬ ಭಯ ಮೂಲಾನನಿಗೆ. ನೆಲದ ಮೇಲೆ ಬಿದ್ದಿದ್ದ ಗಾಜಿನ ಚೂರು ತಗೊಂಡು ಕುತ್ತಿಗೆ ಕೊಯ್ದುಕೊಂಡ. ಕಾವಲಿನವರ ಕಣ್ಣಿಗೆ ಬಿದ್ದಿದ್ದರಿಂದ ಬದುಕಿದ. ಈ ಘಟನೆಯನ್ನು ಅವನೇ 1941ರಲ್ಲಿ ಬರೆದಿಟ್ಟಿದ್ದ. ಸತ್ತ ಮೇಲೆ, 1947ರಲ್ಲಿ, ಅವನ ಅಕ್ಕ ಲೋರ್ ಅದನ್ನು ಪ್ರಕಟಿಸಿದಳು. 'ಮೊದಲ ಕದನ' ಎಂಬರ್ಥದ ಹೆಸರು.

ನನ್ನ ಮಟ್ಟಿಗೆ ಆ ಹೆಸರು ಅಕ್ಷರಶಃ ಸರಿ. ಫ್ರಾನ್ಸಿನ ಪ್ರತಿರೋಧದ ಅತಿದೊಡ್ಡ ವೀರನ ಮೊದಲ ಕದನ ಸೇತುವೆ ಉರುಳಿಸಿದ್ದಲ್ಲ, ರಹಸ್ಯ ಸಂದೇಶ ಕಳಿಸಿದ್ದಲ್ಲ. ಕಪ್ಪು ಜನರ ಮೇಲೆ ಹೊರಿಸಿದ ಸುಳ್ಳಿಗೆ ರುಜು ಹಾಕಲಿಲ್ಲ, ಅಷ್ಟೇ.

ಈ ಅಷ್ಟೇ ಎಂಬುದರ ತೂಕ ನಮಗೆ ಗೊತ್ತು. ನಾನು ಚಿಕ್ಕವನಿದ್ದಾಗ ನಮ್ಮೂರಿನಲ್ಲಿ ಒಬ್ಬರ ಬಣವೆಗೆ ಬೆಂಕಿ ಬಿತ್ತು. ಮಾರನೆ ದಿನ ಒಂದು ಕಾಗದ ಸಿದ್ಧವಾಯಿತು, ಬೆಂಕಿ ಇಟ್ಟವರು ಕೇರಿಯ ಮೂವರು ಹುಡುಗರು ಎಂದು. ಊರಿನಲ್ಲಿ ಓದುಬರಹ ಬಲ್ಲ ಎಲ್ಲರೂ ಚಾವಡಿಯಲ್ಲಿ ಸಾಲಾಗಿ ರುಜು ಹಾಕಿದರು. ಕೇರಿಯ ದೊಡ್ಡವರಿಂದಲೂ ಹೆಬ್ಬೆಟ್ಟು ಒತ್ತಿಸಿಕೊಂಡರು, ಅದರಲ್ಲಿ ನಮ್ಮಪ್ಪನ ಹೆಬ್ಬೆಟ್ಟೂ ಇತ್ತು. 'ಏನ್ ಬರ್ದವ್ರೆ ಅಂತ ಕೇಳ್ದೆ ಕಣಪ್ಪ, ಒತ್ತು ಅಂದ್ರು, ಒತ್ತಿದೆ' ಎಂದು ಅವನು ಸಾಯುವವರೆಗೂ ಹೇಳುತ್ತಿದ್ದ. ಆ ಕಾಗದಕ್ಕೆ ರುಜು ಹಾಕದೆ ಎದ್ದು ಹೋದವನು ಊರಿನಲ್ಲಿ ಒಬ್ಬನೂ ಇರಲಿಲ್ಲ. ಹಾಗಾಗಿ ಮೂಲಾನನ ಮುಂದೆ ನಾನು ಸುಮ್ಮನೆ ಕೈಮುಗಿದೆ. ಯುರೋಪಿನವನು, ಮೇಲಿನವನು, ಅಧಿಕಾರಿ ಎಂಬ ಯಾವ ತಕರಾರೂ ಹುಟ್ಟಲಿಲ್ಲ.

ಆ ಸುಳ್ಳು ಒಂದು ದಿನದ್ದಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಫ್ರೆಂಚರು ರೈನ್ ನದಿಯ ಪ್ರದೇಶದಲ್ಲಿ ಆಫ್ರಿಕನ್ ಪಡೆಗಳನ್ನೂ ಇಟ್ಟಿದ್ದರು. ಆಗಿನಿಂದಲೇ ಕಪ್ಪು ಸೈನಿಕ ಎಂದರೆ ಅತ್ಯಾಚಾರಿ ಎಂಬ ಪ್ರಚಾರ ಜರ್ಮನಿಯಲ್ಲಿ ಹಬ್ಬಿತ್ತು. 1940ರ ಮೇ-ಜೂನಿನಲ್ಲಿ ಸೆರೆಸಿಕ್ಕ ಆಫ್ರಿಕನ್ನರನ್ನು ಬಿಳಿಯ ಸೆರೆಯಾಳುಗಳಿಂದ ಬೇರೆ ಮಾಡಿ ಕೊಂದ ಘಟನೆಗಳು ಹಲವು ಕಡೆ ನಡೆದವು. ಲಿಯೋನ್ ನಗರದ ಬಳಿಯ ಶಾಸ್ಲೇಯಲ್ಲಿ ಸೆರೆಯಾಳುಗಳನ್ನು ಬಯಲಿಗೆ ಅಟ್ಟಿ, ಓಡಿ ಎಂದು ಹೇಳಿ, ಟ್ಯಾಂಕುಗಳ ಮೆಷಿನ್ ಗನ್ನಿನಿಂದ ಹೊಡೆದರು. ಅಲ್ಲಿ ಈಗ ಒಂದು ಸ್ಮಶಾನವಿದೆ, 188 ತಿರಾಯರ್‌ಗಳು ಮಲಗಿದ್ದಾರೆ. ಕೆಂಪು ಮಣ್ಣಿನ ಬಣ್ಣದ ಗೋಡೆ, ಪಶ್ಚಿಮ ಆಫ್ರಿಕಾದ ಕಟ್ಟಡದ ರೀತಿ. 'ತಾತಾ' ಎಂದು ಹೆಸರು. ನಮ್ಮ ತಾತ ಅಲ್ಲ, ಆ ಕಡೆ ಕೋಟೆಗೆ ಹಾಗನ್ನುತ್ತಾರೆ.

ಮೂಲಾನ್ 1943ರ ಮೇ 27ರಂದು ಪ್ಯಾರಿಸ್ಸಿನ ಒಂದು ಮನೆಯಲ್ಲಿ ಪ್ರತಿರೋಧದ ಎಲ್ಲ ಬಣಗಳನ್ನೂ ಪಕ್ಷಗಳನ್ನೂ ಒಂದೇ ಮಂಡಳಿಯಲ್ಲಿ ಕೂರಿಸಿದ. ಮುಂದಿನ ತಿಂಗಳೇ ಸಿಕ್ಕಿಬಿದ್ದ. ಬಾರ್ಬಿ ಎಂಬ ಗೆಸ್ಟಾಪೋ ಅಧಿಕಾರಿ ಹಿಂಸಿಸಿದ. ಜುಲೈ 8ರಂದು ಜರ್ಮನಿಗೆ ಒಯ್ಯುವಾಗ ರೈಲಿನಲ್ಲೇ ಪ್ರಾಣ ಹೋಯಿತು. 1964ರಲ್ಲಿ ಅವನ ಬೂದಿಯನ್ನು ಪ್ಯಾಂಥಿಯನ್ನಿಗೆ ಒಯ್ದರು.

ಇನ್ನೊಂದು ಎಳೆ ಲಕ್ಲೆರನದು. ಇದು ಆಫ್ರಿಕಾದಲ್ಲಿ ಶುರುವಾಗುತ್ತದೆ, ಅದೂ ಒಬ್ಬ ಕಪ್ಪು ಮನುಷ್ಯನಿಂದ. ದ ಗಾಲ್ ಲಂಡನ್ನಿನಲ್ಲಿ ಕೂತು ಹೋರಾಟ ಮುಂದುವರಿಸಿ ಎಂದು ಕರೆ ಕೊಟ್ಟಾಗ ಅವನ ಬಳಿ ನೆಲವೂ ಇರಲಿಲ್ಲ, ದಂಡೂ ಇರಲಿಲ್ಲ. ಚಾಡ್ ಪ್ರಾಂತ್ಯದ ಗವರ್ನರ್ ಫೆಲಿಕ್ಸ್ ಎಬುಯೆ 1940ರ ಆಗಸ್ಟ್ 26ರಂದು ಅವನ ಪಕ್ಷಕ್ಕೆ ಬಂದ. ದಕ್ಷಿಣ ಅಮೆರಿಕದ ಗಯಾನಾದಲ್ಲಿ ಹುಟ್ಟಿದ, ಗುಲಾಮರ ವಂಶದ ಮನುಷ್ಯ ಎಬುಯೆ. ಉಳಿದ ಮಧ್ಯ ಆಫ್ರಿಕಾ ಅವನ ಬೆನ್ನಿಗೆ ಬಂತು. ಸ್ವತಂತ್ರ ಫ್ರಾನ್ಸ್ ಎಂಬುದಕ್ಕೆ ಮೊದಲು ಸಿಕ್ಕ ದೊಡ್ಡ ನೆಲ ಆಫ್ರಿಕಾದ್ದು, ರಾಜಧಾನಿ ಕಾಂಗೋ ನದಿಯ ದಡದ ಬ್ರಾಜಾವಿಲ್. ಚಾಡಿನಿಂದ ಹೊರಟ ಲಕ್ಲೆರನ ದಂಡು 1941ರ ಮಾರ್ಚ್ 1ರಂದು ಲಿಬಿಯಾದ ಕುಫ್ರಾ ಗೆದ್ದಿತು. ಆ ದಂಡಿನ ಬಹುಪಾಲು ಜನ ಚಾಡಿನ ಕಪ್ಪು ಸೈನಿಕರು. ಕುಫ್ರಾದಲ್ಲಿ ಲಕ್ಲೆರ್ ಮಾಡಿದ ಪ್ರತಿಜ್ಞೆಯನ್ನು ಫ್ರಾನ್ಸಿನ ಮಕ್ಕಳಿಗೆ ಇವತ್ತಿಗೂ ಹೇಳಿಕೊಡುತ್ತಾರೆ. ಸ್ಟ್ರಾಸ್‌ಬೂರ್ ಚರ್ಚಿನ ಮೇಲೆ ನಮ್ಮ ಬಾವುಟ ಹಾರುವವರೆಗೂ ಆಯುಧ ಕೆಳಗಿಡುವುದಿಲ್ಲ ಎಂಬುದು ಅದರ ತಿರುಳು. ಪ್ರತಿಜ್ಞೆಯಲ್ಲಿ ಜೊತೆಗಿದ್ದವರು ಬಾವುಟದವರೆಗೆ ಹೋದರೇ ಎಂದು ಕೇಳಿಕೊಳ್ಳಬೇಕು.

ಹೋಗಲಿಲ್ಲ. 1943ರ ಆಗಸ್ಟಿನಲ್ಲಿ ಮೊರಾಕೊದಲ್ಲಿ ಲಕ್ಲೆರನ ಪಡೆ ಎರಡನೇ ಕವಚಿತ ಡಿವಿಜನ್ ಆಯಿತು. ಅಮೆರಿಕದ ಟ್ಯಾಂಕು, ಅಮೆರಿಕದ ಬೂಟು. ಚಾಡಿನ ಹೆಸರು ಒಂದು ರೆಜಿಮೆಂಟಿಗೆ ಉಳಿಯಿತು, ಚಾಡಿನವರು ಹೆಚ್ಚುಕಮ್ಮಿ ಉಳಿಯಲಿಲ್ಲ. 1944ರ ಜನವರಿಯಲ್ಲಿ ಐಸೆನ್‌ಹೋವರನ ಮುಖ್ಯ ಅಧಿಕಾರಿ ವಾಲ್ಟರ್ ಬೆಡೆಲ್ ಸ್ಮಿತ್ ಒಂದು ಗುಪ್ತ ಟಿಪ್ಪಣಿ ಬರೆದ. ಪ್ಯಾರಿಸ್ಸಿಗೆ ಹೋಗುವ ಫ್ರೆಂಚ್ ಡಿವಿಜನ್ ಬಿಳಿಯರದೇ ಆಗಿದ್ದರೆ ಒಳ್ಳೆಯದು. ಎರಡನೇ ಕವಚಿತ ಡಿವಿಜನ್ನಿನಲ್ಲಿ ವಸಾಹತಿನವರು ನಾಲ್ಕನೇ ಒಂದು ಭಾಗ ಮಾತ್ರ, ಅದನ್ನು ನೂರಕ್ಕೆ ನೂರು ಬಿಳಿಯರದ್ದಾಗಿ ಮಾಡಿಕೊಳ್ಳಬಹುದು, ಎಂದು ಅದರ ಸಾರಾಂಶ. ಉಳಿದ ಫ್ರೆಂಚ್ ಡಿವಿಜನ್ನುಗಳಲ್ಲಿ ಬಿಳಿಯರು ಅರ್ಧಕ್ಕಿಂತ ಕಡಿಮೆ ಎಂದು ಬ್ರಿಟಿಷ್ ಸೇನಾಧಿಕಾರಿಯೊಬ್ಬ ಲೆಕ್ಕ ಕೊಟ್ಟ. ಈ ಕಾಗದಗಳು ನಮ್ಮ ಕಾಲದಲ್ಲಿ, 2009ರಲ್ಲಿ, ಬಿಬಿಸಿಯ ಮೂಲಕ ಎಲ್ಲರಿಗೂ ಗೊತ್ತಾದವು.

ಇಲ್ಲಿ ಎಚ್ಚರ ಬೇಕು. ನೂರಕ್ಕೆ ನೂರು ಆಗಲೇ ಇಲ್ಲ. ಉತ್ತರ ಆಫ್ರಿಕಾದ ಮುಸ್ಲಿಮ್ ಸೈನಿಕರು ಸಾಕಷ್ಟು ಜನ ಡಿವಿಜನ್ನಿನಲ್ಲಿ ಉಳಿದಿದ್ದರು. ಅಮೆರಿಕನ್ನರ ಸೈನ್ಯವೇ ಆಗ ಕಪ್ಪು-ಬಿಳಿ ಎಂದು ಬೇರೆ ಬೇರೆ ಇತ್ತು, ಒತ್ತಾಯ ಅವರದ್ದು ಎಂದು ಫ್ರೆಂಚರು ಹೇಳುತ್ತಾರೆ. ಇರಬಹುದು. ಆದರೆ ಒತ್ತಾಯ ಮಾಡಿದವರ ಕಾಗದಕ್ಕೆ ಒಪ್ಪಿಗೆ ಕೊಟ್ಟವರೂ ಇದ್ದರಲ್ಲ? ಮೂಲಾನನ ಮುಂದಿಟ್ಟ ಕಾಗದವೂ ಕಪ್ಪು ಸೈನಿಕನ ಬಗ್ಗೆಯೇ, ಈ ಕಾಗದವೂ ಅವನ ಬಗ್ಗೆಯೇ. ಒಂದು ಅವನನ್ನು ಅಪರಾಧಿ ಎಂದಿತು. ಇನ್ನೊಂದು ಅವನನ್ನು ಏನೂ ಅನ್ನಲಿಲ್ಲ, ಕಾಣಬಾರದು ಎಂದಿತು. ಮೊದಲನೆಯದಕ್ಕೆ ಒಬ್ಬ ಕುತ್ತಿಗೆ ಕೊಯ್ದುಕೊಂಡ. ಎರಡನೆಯದನ್ನು ಸೈನ್ಯಗಳು ಮಾಮೂಲಿ ಕಡತದಂತೆ ವಿಲೇವಾರಿ ಮಾಡಿದವು. ಒಂದೇ ಸೂರಿನಡಿ, ಒಂದೇ ಬೋರ್ಡಿನಲ್ಲಿ ಅಕ್ಕಪಕ್ಕ ಇರುವ ಎರಡು ಹೆಸರುಗಳ ನಡುವೆ ಇಷ್ಟು ದೂರ ಇದೆ. ಮ್ಯೂಸಿಯಮ್ಮು ಸುಳ್ಳು ಹೇಳುತ್ತದೆ ಎಂದು ನಾನು ಹೇಳುತ್ತಿಲ್ಲ. ಅದರ ಹೆಸರನ್ನೇ ಓದಬೇಕು ಎನ್ನುತ್ತಿದ್ದೇನೆ.

ಕೊನೆಗೆ ಪ್ಯಾರಿಸ್ಸಿನೊಳಕ್ಕೆ ಮೊದಲು ಬಂದವರು ಯಾರು? ಆಗಸ್ಟ್ 24ರ ರಾತ್ರಿ ಒಂಬತ್ತರ ಮೇಲೆ ನಗರಸಭೆಯ ಮುಂದೆ ನಿಂತ ಅರೆಟ್ಯಾಂಕು ವಾಹನಗಳ ಮೇಲೆ ಗ್ವಾದಲಹಾರ, ತೆರುವೆಲ್, ಎಬ್ರೋ ಎಂಬ ಹೆಸರುಗಳಿದ್ದವು. ಎಲ್ಲ ಸ್ಪೇನಿನ ಅಂತರ್ಯುದ್ಧದ ಕಣಗಳು. ಲಕ್ಲೆರನ ಒಂಬತ್ತನೇ ಕಂಪನಿಯ ಬಹುಪಾಲು ಜನ ಫ್ರಾಂಕೋಗೆ ಸೋತು ದೇಶ ಬಿಟ್ಟ ಸ್ಪೇನಿನ ಗಣರಾಜ್ಯವಾದಿಗಳು, ಅರಾಜಕವಾದಿಗಳು. 1939ರಲ್ಲಿ ಫ್ರಾನ್ಸಿಗೆ ಓಡಿ ಬಂದಾಗ ಇಂಥವರನ್ನು ಮುಳ್ಳುತಂತಿಯ ಶಿಬಿರಗಳಲ್ಲಿ ಕೂಡಿಹಾಕಿದ್ದರು. ಇವರಿಗೂ ನೆನಪಿನ ಫಲಕ ಸಿಕ್ಕಲು 2004 ಬರಬೇಕಾಯಿತು. ಆದರೂ ಬಿಳಿ ಚರ್ಮದ ಪರದೇಶಿ ಕನಿಷ್ಠ ಫೋಟೋದಲ್ಲಿ ಬೆರೆತುಹೋಗಬಲ್ಲ.

ಬೆರೆಯಲಾಗದವನು ಒಬ್ಬನಿದ್ದ, ಜಾರ್ಜ್ ಡಕ್ಸನ್. ಗ್ಯಾಬೊನ್ ದೇಶದವನು, ಫ್ರೆಂಚ್ ಸೈನ್ಯದಲ್ಲಿದ್ದು ಜರ್ಮನ್ನರ ಸೆರೆಯಿಂದ ತಪ್ಪಿಸಿಕೊಂಡು ಪ್ಯಾರಿಸ್ಸಿಗೆ ಬಂದಿದ್ದ. ದಂಗೆಯ ದಿನಗಳಲ್ಲಿ 17ನೇ ವಾರ್ಡಿನ ಬೀದಿಗಳಲ್ಲಿ ಹೋರಾಡಿ ಗಾಯಗೊಂಡ. ಜನ ಅವನನ್ನು 17ರ ಸಿಂಹ ಎಂದು ಕರೆದರು. ಆಗಸ್ಟ್ 26ರಂದು ದ ಗಾಲ್ ಶಾಂಝೆಲಿಜೆ ಬೀದಿಯಲ್ಲಿ ವಿಜಯದ ನಡಿಗೆ ನಡೆದಾಗ ಡಕ್ಸನ್ ಕೂಡ ಕೈಗೆ ಕಟ್ಟು ಹಾಕಿಕೊಂಡು ಮುಂದಿನ ಸಾಲಿನ ಹತ್ತಿರವೇ ನಡೆದ. ಫೋಟೋದಲ್ಲಿ ಇದ್ದಾನೆ. ಇನ್ನೊಂದು ಫೋಟೋದಲ್ಲಿ ಅವನನ್ನು ಆಯುಧ ತೋರಿಸಿ ಮೆರವಣಿಗೆಯಿಂದ ಆಚೆ ಕಳಿಸುತ್ತಿದ್ದಾರೆ. ಆಮೇಲೆ ಅವನು ಕಾಳಸಂತೆಯ ವ್ಯವಹಾರಕ್ಕೆ ಬಿದ್ದ, ಸಿಕ್ಕಿಬಿದ್ದ, ತಪ್ಪಿಸಿಕೊಳ್ಳಲು ಹೋಗಿ ಗುಂಡು ತಿಂದು ಅದೇ ವರ್ಷ ಸತ್ತ. ಅವನನ್ನು ಹುತಾತ್ಮ ಮಾಡಲು ನಾನು ಹೊರಟಿಲ್ಲ. ನಮ್ಮವನು ವೀರನಾಗಿದ್ದರೆ ಮಾತ್ರ ಅವನಿಗಾದ ಅನ್ಯಾಯ ಅನ್ಯಾಯ ಎಂಬ ವಾದವೇ ಮೇಲ್ಜಾತಿಯ ವಾದ. ಕೆಟ್ಟವನಾಗುವ ಹಕ್ಕೂ ಉಳಿದವರಿಗೆ ಇದ್ದಷ್ಟು ಅವನಿಗೂ ಇತ್ತು. ಆಗಸ್ಟ್ 26ರಂದು ಅವನು ಕಾಳಸಂತೆಯವನಾಗಿರಲಿಲ್ಲ, ಗಾಯಗೊಂಡ ಹೋರಾಟಗಾರನಾಗಿದ್ದ.

ಅದರ ಹಿಂದಿನ ಸಂಜೆ ದ ಗಾಲ್ ನಗರಸಭೆಯಲ್ಲಿ ಮಾಡಿದ ಭಾಷಣ ಪ್ರಸಿದ್ಧ. ಪ್ಯಾರಿಸ್ ತನ್ನನ್ನು ತಾನೇ ಬಿಡಿಸಿಕೊಂಡಿತು, ತನ್ನ ಜನರಿಂದ, ಫ್ರಾನ್ಸಿನ ಸೈನ್ಯಗಳ ನೆರವಿನಿಂದ ಎಂದ. ಇಟಲಿಯಲ್ಲಿ ಹೋರಾಡಿ ದಕ್ಷಿಣದ ಕಡಲತೀರದಲ್ಲಿ ಇಳಿದ ಫ್ರೆಂಚ್ ಸೈನ್ಯವನ್ನೂ ನೆನೆದ. ಆ ಸೈನ್ಯದ ಹತ್ತಿರ ಹತ್ತಿರ ಅರ್ಧದಷ್ಟು ಜನ ಆಫ್ರಿಕಾದವರು. ತೂಲೋನ್, ಮಾರ್ಸೇಲ್ ಬಿಡಿಸಿದವರು ಅವರು. ಚಳಿಗಾಲ ಬಂದಾಗ ಅದರಿಂದ 15,000ಕ್ಕೂ ಹೆಚ್ಚು ಕಪ್ಪು ಸೈನಿಕರನ್ನು ಹಿಂದಕ್ಕೆ ತೆಗೆದು, ಆ ಜಾಗಕ್ಕೆ ಬಿಳಿಯ ಪ್ರತಿರೋಧದ ಹುಡುಗರನ್ನು ತುಂಬಿದರು. ಇವರಿಗೆ ಚಳಿ ತಡೆಯುವುದಿಲ್ಲ ಎಂದು ಕಾರಣ ಕೊಟ್ಟರು. ಹಲವರು ಮೈಮೇಲಿನ ಕೋಟು, ಹೆಲ್ಮೆಟ್ಟು ಬಿಚ್ಚಿ ಬಂದವರಿಗೆ ಕೊಡಬೇಕಾಯಿತು. ಈ ಕಾರ್ಯಕ್ಕೆ ಫ್ರೆಂಚಿನಲ್ಲಿ ಇರುವ ಮಾತಿನ ಅರ್ಥ ಬಿಳಿಚುವುದು, ಬಟ್ಟೆ ಬಿಳಿಚಿದ ಹಾಗೆ.

ಮನೆಗೆ ಮರಳಿದವರ ಕತೆ ಇನ್ನೂ ಕೆಟ್ಟದ್ದು. ಜರ್ಮನ್ ಸೆರೆಯಲ್ಲಿ ನಾಲ್ಕು ವರ್ಷ ಕಳೆದು ಬಂದ ತಿರಾಯರ್‌ಗಳು ಸೆನೆಗಲ್ಲಿನ ತಿಯಾರೋಯ್ ಶಿಬಿರದಲ್ಲಿ ತಮಗೆ ಬರಬೇಕಾದ ಬಾಕಿ ಸಂಬಳ ಕೇಳಿದರು. 1944ರ ಡಿಸೆಂಬರ್ 1ರಂದು ಫ್ರೆಂಚ್ ಸೈನ್ಯವೇ ಅವರ ಮೇಲೆ ಗುಂಡು ಹಾರಿಸಿತು. ಸರ್ಕಾರಿ ಲೆಕ್ಕದಲ್ಲಿ ಸತ್ತವರು 35. ಲೆಕ್ಕ ಸುಳ್ಳು, ಸತ್ತವರು ಅದಕ್ಕಿಂತ ಎಷ್ಟೋ ಹೆಚ್ಚು ಎಂದು ಇತಿಹಾಸಕಾರರು ವಾದಿಸುತ್ತಲೇ ಇದ್ದಾರೆ. ಸೆಂಬೆನ್ ಉಸ್ಮಾನ್ 1988ರಲ್ಲಿ ಇದರ ಮೇಲೆ ಸಿನಿಮಾ ಮಾಡಿದ. ಫ್ರಾನ್ಸಿನ ಅಧ್ಯಕ್ಷರು ಇದನ್ನು ಹತ್ಯಾಕಾಂಡ ಎಂದು ಬರಹದಲ್ಲಿ ಒಪ್ಪಿದ್ದು 2024ರ ನವೆಂಬರಿನಲ್ಲಿ. ಎಂಬತ್ತು ವರ್ಷಕ್ಕೆ.

ಇಂಥ ಮಾತಾಡಿದಾಗ ನಮ್ಮ ಪ್ರಗತಿಪರ ಗೆಳೆಯರು ಒಂದು ಮಾತು ಎತ್ತುತ್ತಾರೆ: ಎದುರಿಗೆ ಹಿಟ್ಲರ್ ಇದ್ದಾಗ ಇದೆಲ್ಲ ಸಣ್ಣ ವಿಷಯ ಅಲ್ವಾ? ಮೊದಲು ಬಿಡುಗಡೆ, ಆಮೇಲೆ ಉಳಿದದ್ದು. ಈ ಮೊದಲು-ಆಮೇಲೆಯನ್ನು ಅಂಬೇಡ್ಕರ್ ಬದುಕಿಡೀ ಕೇಳಿದರು. ನಾಜಿಗಳು ಗೆದ್ದರೆ ಸ್ವಾತಂತ್ರ್ಯ ಎಂಬ ಮಾತಿಗೇ ಅರ್ಥವಿರುವುದಿಲ್ಲ ಎಂದು ತಿಳಿದೇ ಅವರು ಯುದ್ಧವನ್ನು ಬೆಂಬಲಿಸಿದರು, 1942ರಿಂದ 46ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು, ಅದಕ್ಕಾಗಿ ದೇಶದ್ರೋಹಿ ಅನ್ನಿಸಿಕೊಂಡರು. ಆದರೆ ಬಿಡುಗಡೆಯ ದಂಡಿನಲ್ಲಿ ಯಾರು ನಿಲ್ಲಬಹುದು ಎಂಬ ಪ್ರಶ್ನೆಯನ್ನು ಅವರು ಆಮೇಲಕ್ಕೆ ತಳ್ಳಲಿಲ್ಲ. ಜಾತಿಯೂ ಚರ್ಮದ ಬಣ್ಣವೂ ಒಂದೇ ಅಲ್ಲ, ಗೊತ್ತು. ಸೈನ್ಯ ಮಾತ್ರ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದೆ. 'ಯೋಧ ಜನಾಂಗ'ವಲ್ಲ ಎಂದು 1890ರ ದಶಕದಲ್ಲಿ ಬ್ರಿಟಿಷರು ಮಹಾರರನ್ನು ಸೇನೆಗೆ ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರು. ಮೊದಲ ಮಹಾಯುದ್ಧಕ್ಕೆ ಆಳು ಬೇಕಾದಾಗ 1917ರಲ್ಲಿ ಒಂದು ಪಡೆ ಕಟ್ಟಿದರು, 1921ರಲ್ಲಿ ವಿಸರ್ಜಿಸಿದರು. ಎರಡನೇ ಯುದ್ಧಕ್ಕೆ ಚಮಾರ್ ರೆಜಿಮೆಂಟ್ ಕಟ್ಟಿದ್ದು 1943ರಲ್ಲಿ, ಕೊಹಿಮಾದ ಕಡೆ ಹೋರಾಡಿದ ಮೇಲೆ ಅದನ್ನೂ 1946ರಲ್ಲಿ ಮುಚ್ಚಿದರು. ಬೇಕಾದಾಗ ಆಳು, ಬೇಡವಾದಾಗ ಜಾತಿ.

ನಮ್ಮ ನೆನಪೂ ಹೀಗೇ ಜರಡಿ ಹಿಡಿಯುತ್ತದೆ. ಪ್ಯಾರಿಸ್ಸಿನ ಪ್ರತಿರೋಧ ಎಂದ ಕೂಡಲೇ ಕರ್ನಾಟಕದವರಿಗೆ ನೆನಪಾಗುವುದು ನೂರ್ ಇನಾಯತ್ ಖಾನ್. 1943ರಲ್ಲಿ ಪ್ಯಾರಿಸ್ಸಿನಲ್ಲಿ ಅಡಗಿ ರೇಡಿಯೋ ಸಂದೇಶ ಕಳಿಸಿ, ಸಿಕ್ಕಿಬಿದ್ದು, 1944ರ ಸೆಪ್ಟೆಂಬರಿನಲ್ಲಿ ದಾಖೌ ಶಿಬಿರದಲ್ಲಿ ಪ್ರಾಣ ಕೊಟ್ಟ ಹೆಣ್ಣುಮಗಳು. ದೊಡ್ಡ ಜೀವ. ಆದರೆ ನಾವು ಅವಳನ್ನು ಪರಿಚಯಿಸುವುದು ಹೇಗೆ? ಟಿಪ್ಪು ಸುಲ್ತಾನನ ವಂಶದವಳು ಎಂದು. ವಂಶ ಇದ್ದವರಿಗೆ ನೆನಪು ಸುಲಭ.

ಮೂಲಾನನ ಹೆಸರಿನ ರಸ್ತೆ, ಶಾಲೆಗಳು ಫ್ರಾನ್ಸಿನ ತುಂಬ ಇವೆ. ಶಾರ್ತ್ರ್‌ನಲ್ಲಿ ಆ ರಾತ್ರಿ ಅವನೊಂದಿಗೆ ಅದೇ ಕೋಣೆಯಲ್ಲಿದ್ದ ಇನ್ನೊಬ್ಬನನ್ನು ಚರಿತ್ರೆ ಕರೆಯುವುದು ಒಬ್ಬ ತಿರಾಯರ್ ಎಂದಷ್ಟೇ. ಮೆಟ್ಟಿಲು ಹತ್ತಿ ಮೇಲೆ ಬರುವಾಗ ನನ್ನ ತಲೆಯಲ್ಲಿ ಇದ್ದವನು ಅವನು. ತನ್ನ ಜನರ ಹೆಸರು ಕೆಡಿಸಲಾರೆ ಎಂದು ಒಬ್ಬ ಬಿಳಿ ಅಧಿಕಾರಿ ಕತ್ತು ಕೊಯ್ದುಕೊಂಡನೆಂಬುದು ಅವನಿಗೆ ತಿಳಿದಿತ್ತೇ? ಅವನ ಕತೆಯನ್ನು ಅವನ ಊರಿನಲ್ಲಿ ಯಾರಾದರೂ ಕೇಳಿ ಬರೆದುಕೊಂಡಿದ್ದರೆ ಎಂದು ಮನಸ್ಸು ಹೊಯ್ದಾಡಿತು.

ನಾವೂ ಬರೆದುಕೊಂಡಿಲ್ಲ. ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಕಟ್ಟಿದ್ದು ಬೇರೆಲ್ಲೂ ಅಲ್ಲ, ನಮ್ಮ ಬೆಳಗಾವಿಯಲ್ಲಿ, 1941ರ ಅಕ್ಟೋಬರಿನಲ್ಲಿ, ಇದೇ ಯುದ್ಧಕ್ಕೆ. ಅಲ್ಲಿ ಸೇರಿದ ಹುಡುಗರು ಯಾರೂ ಈಗ ಉಳಿದಿರಲಾರರು. ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಈ ಸಂಚಿಕೆ ಓದುವ ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆಯ ಗೆಳೆಯರ ಮನೆಯಲ್ಲಿ ಅಜ್ಜನ ಟ್ರಂಕು, ಪಿಂಚಣಿ ಪುಸ್ತಕ, ಗುಂಪು ಫೋಟೋ ಏನಾದರೂ ಇದ್ದರೆ ಮೊದಲು ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಗೊತ್ತಿದ್ದವರ ಹೆಸರು ಬರೆದಿಡಿ. ಆಮೇಲೆ ಪತ್ರಿಕೆಗೆ ಒಂದು ಕಾರ್ಡು ಹಾಕಿ. ನಾನೇ ಬರುತ್ತೇನೆ.